ಕಾಯಿಸುವುದೂ ಅನ್ಯಾಯವೇ

ಯಾರಿಗೆ ಏನು ಸಲ್ಲಬೇಕೋ ಅದನ್ನು ಅವರಿಗೆ ಸಲ್ಲಿಸುವುದೇ ನ್ಯಾಯವೆಂದು ತತ್ವಶಾಸ್ತ್ರವು ಬೋಧಿಸುತ್ತದೆ. ಸಕಾಲದಲ್ಲಿ ಸಲ್ಲಿಸುವುದೂ ಆ ನ್ಯಾಯದ ಭಾಗವೇ ಆಗಿದೆ. ಮಾಜಿ ಸೈನಿಕರ ಪಿಂಚಣಿಯು ನಾವು ನೀಡುವ ದಾನವಲ್ಲ. ಅವರು ದುಡಿದು ಗಳಿಸಿದ ಹಕ್ಕು. ಆ ಹಕ್ಕಿನ ಕಾಗದವೊಂದನ್ನು ಸರಿಪಡಿಸಿಕೊಳ್ಳಲು ವೃದ್ಧ ಯೋಧರು ಅಥವಾ ಅವರ ವಿಧವೆಯರು ಎಷ್ಟು ಸಲ ಬಸ್ಸು ಹತ್ತಬೇಕು?

1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾದಾಗ ಹಲವು ಕಚೇರಿಗಳು ನಮ್ಮ ಸಮೀಪಕ್ಕೆ ಬಂದವು. ಸೈನಿಕರ ಕಡತ ಮಾತ್ರ ಇಂದಿಗೂ ದೂರದಲ್ಲಿದೆ. ಮರಾಠಾ ಲಘು ಪದಾತಿ ದಳದವರ ದಾಖಲೆಗಳು ಬೆಳಗಾವಿಯಲ್ಲಿವೆ. ಸೇನಾ ಪಿಂಚಣಿಯ ಲೆಕ್ಕಾಧಿಕಾರಿಗಳ ಪ್ರಧಾನ ಕಚೇರಿ ಪ್ರಯಾಗರಾಜದಲ್ಲಿದೆ. ಪತ್ನಿಯ ಹೆಸರು ಸೇನಾ ದಾಖಲೆಯಲ್ಲಿ ಒಂದು ಬಗೆ, ಆಧಾರ್ ಚೀಟಿಯಲ್ಲಿ ಇನ್ನೊಂದು ಬಗೆ ಇದ್ದರೆ ಸಾಕು, ಅರ್ಜಿಯು ನಿಂತುಹೋಗುತ್ತದೆ.

ರಕ್ಷಣಾ ಸಚಿವಾಲಯದ ‘ಸ್ಪರ್ಶ್’ ಗಣಕ ವ್ಯವಸ್ಥೆಯು ಈ ದೂರವನ್ನು ತಗ್ಗಿಸಲೆಂದೇ ಬಂದಿತು. ಆದರೆ ವಾರ್ಷಿಕ ಗುರುತಿನ ದೃಢೀಕರಣ ಆಗಿಲ್ಲವೆಂಬ ಕಾರಣಕ್ಕೆ 2022ರ ಏಪ್ರಿಲ್ ತಿಂಗಳ ಪಿಂಚಣಿಯು 58 ಸಾವಿರಕ್ಕೂ ಹೆಚ್ಚು ಮಂದಿಗೆ ದೇಶದಾದ್ಯಂತ ಸಕಾಲಕ್ಕೆ ಜಮೆಯಾಗಲಿಲ್ಲ. ಮೇ 4ರಂದು ವಿಶೇಷ ವಿನಾಯಿತಿ ನೀಡಿ ಹಣವನ್ನು ಜಮೆ ಮಾಡಬೇಕಾಯಿತು. ಯಂತ್ರದ ಜೊತೆಗೆ ಕೈಹಿಡಿದು ತಿಳಿಸುವ ಮನುಷ್ಯನೂ ಬೇಕೆಂಬುದು ಆಗ ಸ್ಪಷ್ಟವಾಯಿತು.

ಸಿಬ್ಬಂದಿ ಸಾಲದೆಂಬ ಮಾತು ಎಲ್ಲ ಕಚೇರಿಗಳಲ್ಲಿಯೂ ಕೇಳಿಬರುತ್ತದೆ. ಆದರೆ ಒಂದೇ ಕೆಲಸಕ್ಕೆ ಒಬ್ಬರು ಮೂರು ಸಲ ಬಂದರೆ ಇನ್ನಿಬ್ಬರಿಗೆ ಸಲ್ಲಬೇಕಾದ ವೇಳೆ ಕಳೆದುಹೋಗುತ್ತದೆ. ಎರಡನೆಯ ಭೇಟಿಯನ್ನು ತಪ್ಪಿಸಿದರೆ ಸರದಿಯು ತಾನಾಗಿಯೇ ಕಿರಿದಾಗುವುದು. ಆದುದರಿಂದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯವರಲ್ಲಿ ಮೂರು ವಿನಂತಿಗಳಿವೆ. ಮೊದಲನೆಯದಾಗಿ, ದೂರವಾಣಿಯಲ್ಲಿಯೇ ಭೇಟಿಯ ದಿನವನ್ನೂ ವೇಳೆಯನ್ನೂ ಗೊತ್ತುಪಡಿಸಿ, ತರಬೇಕಾದ ಕಾಗದಗಳನ್ನು ಆಗಲೇ ತಿಳಿಸಲಿ. ಎರಡನೆಯದಾಗಿ, ತಿಂಗಳಿಗೊಂದು ನಿಶ್ಚಿತ ದಿನ ರಾಣೆಬೆನ್ನೂರಿನಲ್ಲಿಯೂ ಬ್ಯಾಡಗಿಯಲ್ಲಿಯೂ ಶಿಬಿರ ನಡೆಯಲಿ. ಮೂರನೆಯದಾಗಿ, ಅರ್ಜಿಯಲ್ಲಿ ಕೊರತೆಯಿದ್ದರೆ ಅದೇನೆಂದು ಮೊದಲ ಭೇಟಿಯಲ್ಲಿಯೇ ಕನ್ನಡದಲ್ಲಿ ಬರೆದುಕೊಡಲಿ.

ಕುಟುಂಬಗಳಿಗೂ ಇಲ್ಲಿ ಒಂದು ಕರ್ತವ್ಯವಿದೆ. ಮನೆಯಲ್ಲಿ ಮಾಜಿ ಸೈನಿಕರಿದ್ದರೆ ಅವರ ಪಿಂಚಣಿ ಆದೇಶ, ಡಿಸ್ಚಾರ್ಜ್ ಪುಸ್ತಕ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್‌ಗಳನ್ನು ಜೊತೆಗಿಟ್ಟು ನೋಡಿರಿ. ಪತ್ನಿಯ ಹೆಸರೂ ಜನ್ಮದಿನಾಂಕವೂ ಎಲ್ಲೆಡೆ ಒಂದೇ ಆಗಿವೆಯೇ? ಅವರು ಬದುಕಿರುವಾಗ ತಿದ್ದಿಸಿದ ಅಕ್ಷರವು ನಾಳೆ ವಿಧವೆಯೊಬ್ಬಳ ಅಲೆದಾಟವನ್ನು ತಪ್ಪಿಸೀತು. ‘ಸ್ಪರ್ಶ್’ ಸೇವೆಯು ಸಾಮಾನ್ಯ ಸೇವಾ ಕೇಂದ್ರಗಳಲ್ಲಿಯೂ ದೊರೆಯುವುದರಿಂದ, ಓದುಬರಹ ಬಲ್ಲ ನಮ್ಮ ಯುವಜನರು ನೆರೆಮನೆಯ ಹಿರಿಯರನ್ನು ವರ್ಷಕ್ಕೊಮ್ಮೆ ಅಲ್ಲಿಗೆ ಕರೆದೊಯ್ಯಲಿ. ಆ ಹಿರಿಯರು ಯಾವ ಜಾತಿ, ಯಾವ ಮತದವರೆಂದು ಕೇಳುವ ಅಗತ್ಯವಿಲ್ಲ. ಗಡಿಯಲ್ಲಿ ನಿಂತಿದ್ದಾಗ ಅವರೂ ನಮ್ಮನ್ನು ಹಾಗೆ ಕೇಳಿರಲಿಲ್ಲ.