ಹೆಸರು ಬೆಂಗಳೂರಿನದು, ಆಟ ಎಲ್ಲಿಯದು?

ಪ್ರೊ ಕಬಡ್ಡಿ 12ನೇ ಸೀಸನ್ 2025ರ ಆಗಸ್ಟ್ 29ರಂದು ವಿಶಾಖಪಟ್ಟಣದಲ್ಲಿ ಶುರುವಾಯ್ತು. ನಮ್ಮ ಬೆಂಗಳೂರು ಬುಲ್ಸ್ ಮೊದಲ ಮೂರೂ ಪಂದ್ಯ ಸೋತು, ನಾಲ್ಕನೆಯದರಲ್ಲಿ ಪಟ್ನಾ ಪೈರೇಟ್ಸ್ ವಿರುದ್ಧ ಗೆದ್ದಿತು. ಅದರ ಹಿಂದಿನ ಸೀಸನ್‌ನಲ್ಲಿ 22 ಪಂದ್ಯ ಆಡಿ ಗೆದ್ದಿದ್ದು ಬರೀ 2, ಪಟ್ಟಿಯಲ್ಲಿ ಕಟ್ಟಕಡೆಯ ಸ್ಥಾನ. 12ನೇ ಸೀಸನ್‌ನ ಕೋಚ್ ಬಿ.ಸಿ. ರಮೇಶ್ ಅವರಿಗೆ ಸ್ವಲ್ಪ ಸಮಯ ಬೇಕಿತ್ತು. ನನ್ನ ತಕರಾರು ಸೋಲಿನ ಬಗ್ಗೆ ಅಲ್ಲ.

12ನೇ ಸೀಸನ್‌ನ ಪಂದ್ಯಗಳು ನಡೆದಿದ್ದು ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಯಲ್ಲಿ ಮಾತ್ರ. ಅದರ ಹಿಂದಿನ ಸಲ ಹೈದರಾಬಾದ್, ನೋಯ್ಡಾ, ಪುಣೆ. ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಬುಲ್ಸ್ ಕೊನೆಯದಾಗಿ ಲೀಗ್ ಆಡಿದ್ದು 2023ರ ಡಿಸೆಂಬರ್‌ನಲ್ಲಿ. ಕಬ್ಬಾಳಿನ ಹುಡುಗರು ಕನಕಪುರಕ್ಕೆ ಬಂದು ಬಸ್ ಹತ್ತಿದರೆ ಸಂಜೆ ಪಂದ್ಯಕ್ಕೆ ಕಂಠೀರವ ಸೇರಬಹುದು. ವಿಶಾಖಪಟ್ಟಣಕ್ಕೆ ಹೋಗೋಕಾಗುತ್ತಾ? ಅವರ ಪಾಲಿಗೆ ಉಳಿದಿದ್ದು ಮೊಬೈಲ್ ಒಂದೇ.

ತಮಾಷೆ ನೋಡಿ. 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ರಾಮನಗರ ಜಿಲ್ಲೆಯ ಹೆಸರನ್ನು ‘ಬೆಂಗಳೂರು ದಕ್ಷಿಣ’ ಅಂತ ಬದಲಿಸಲು ಒಪ್ಪಿತು. ಕಾಗದದ ಮೇಲೆ ಈಗ ಕಬ್ಬಾಳೂ ಬೆಂಗಳೂರೇ. ಬೆಂಗಳೂರಿನ ತಂಡ ಮಾತ್ರ ಬೆಂಗಳೂರಿಗೇ ಬರಲ್ಲ. ಹೆಸರು ಹಂಚೋದು ಸುಲಭ, ಹೆಸರಿನ ಜೊತೆಗಿನ ಹಕ್ಕು ಹಂಚೋದು ಕಷ್ಟ.

ಊರುಗಳನ್ನು ಕಡಿಮೆ ಮಾಡಿದರೆ ಲೀಗ್‌ಗೆ ಖರ್ಚು ಉಳಿಯುತ್ತೆ, ಒಪ್ಪೋಣ. ಆದರೆ ಸಾಲಾಗಿ ಸೋತ ತಂಡಕ್ಕೆ ಧೈರ್ಯ ತುಂಬೋದು ಸ್ವಂತ ಊರಿನ ಜನರ ಕೂಗು. ಕಂಠೀರವ ಸರ್ಕಾರದ್ದೇ. ಬೆಂಗಳೂರಿನ ಹೆಸರಲ್ಲಿ ಆಡೋರು ವರ್ಷಕ್ಕೆ ಒಂದು ವಾರವಾದರೂ ಇಲ್ಲಿ ಆಡಲಿ ಅಂತ ಸರ್ಕಾರ ಪಟ್ಟು ಹಿಡಿಯಲಿ. ಹಳ್ಳಿ ಹುಡುಗರ ಕೈಗೆಟುಕೋ ಟಿಕೆಟ್‌ನೂ ಕೇಳಲಿ.