ತಡೆದುಕೊಳ್ಳಬೇಕಾದದ್ದು ಯಾವ ನೋವನ್ನು?

ಬಸ್ಕಿ ಹೊಡೆದ ಮರುದಿನ ತೊಡೆ ಹಿಡಿದುಕೊಂಡರೆ ಯಾರೂ ಗಾಬರಿಯಾಗುವುದಿಲ್ಲ. ಮೆಟ್ಟಿಲಿಳಿಯುವಾಗ ಮುಖ ಕಿವುಚಿದರೂ ಮೈ ಬಗ್ಗಿಸಿ ದುಡಿದಿದ್ದೇವೆಂಬ ಸಮಾಧಾನ ಒಳಗಿರುತ್ತದೆ. ಗರಡಿಮನೆಯ ಉಸ್ತಾದರಿಂದ ಇಂದಿನ ಜಿಮ್ ಟ್ರೇನರ್‌ವರೆಗೆ ಎಲ್ಲರೂ ಹೇಳಿಕೊಟ್ಟದ್ದು ಇದನ್ನೇ. ನೋವು ತಡೆದುಕೊಂಡವನಿಗೆ ಮೈ ಒಲಿಯುತ್ತದೆ. ತೊಡೆ, ತೋಳುಗಳ ಮಟ್ಟಿಗೆ ಈ ಮಾತು ಬಹುಪಾಲು ನಿಜ. ಆದರೆ ಅದನ್ನೇ ತಲೆನೋವಿಗೂ ಹೊಂದಿಸುವುದು ತಪ್ಪು, ಕೆಲವರ ಪಾಲಿಗೆ ಪ್ರಾಣಕ್ಕೇ ಎರವಾಗುವ ತಪ್ಪು ಎಂದು ನಾನು ಬಲವಾಗಿ ನಂಬಿದ್ದೇನೆ.

ಕೆಲವು ವರ್ಷಗಳ ಹಿಂದೆ ಲೆಗ್ ಪ್ರೆಸ್ ಮಾಡುವಾಗ ನನಗೆ ಹಿಂಗತ್ತಿನಿಂದ ನೆತ್ತಿಯವರೆಗೆ ಸುತ್ತಿಗೆಯಲ್ಲಿ ಬಡಿದಂತೆ ನೋವು ಬಂತು. ಪಕ್ಕದಲ್ಲಿದ್ದವರು "ಮೊದಮೊದಲು ಹಾಗೇ ಸಾರ್, ಇನ್ನೆರಡು ಸೆಟ್ ಮಾಡಿ, ಹೋಗುತ್ತೆ" ಅಂದರು. ಮಾಡಿದೆ. ರಾತ್ರಿಯಿಡೀ ತಲೆ ಮಿಡಿಯಿತು. ಆ ಎರಡು ಸೆಟ್ ಮಾಡಬಾರದಿತ್ತೆಂದು ತಿಳಿದದ್ದು ನರರೋಗ ತಜ್ಞರ ಮುಂದೆ ಕೂತಾಗ.

ಮಿದುಳಿಗೆ ಸ್ವತಃ ನೋವು ತಿಳಿಯುವುದಿಲ್ಲ. ಅದನ್ನು ಸುತ್ತಿದ ಪೊರೆಗೂ ಅಲ್ಲಿನ ರಕ್ತನಾಳಗಳಿಗೂ ತಿಳಿಯುತ್ತದೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ನೋಡಿದವರಿಗೆ ಆ ಕ್ಷಣ ನೆನಪಿರುತ್ತದೆ. ಉಸಿರು ಬಿಗಿಹಿಡಿದು ತಿಣುಕಿದಾಗ ಕತ್ತಿನ ನರಗಳು ಹಗ್ಗದಂತೆ ಉಬ್ಬುತ್ತವೆ, ಮುಖ ಕೆಂಪೇರುತ್ತದೆ. ಎದೆಯೊಳಗಿನ ಒತ್ತಡ ಏರಿ, ತಲೆಯಿಂದ ಕೆಳಗಿಳಿಯಬೇಕಾದ ರಕ್ತಕ್ಕೆ ದಾರಿ ಕಟ್ಟಿದಂತಾಗುತ್ತದೆ. ಈ ಉಸಿರುಗಟ್ಟಿದ ತಿಣುಕಾಟಕ್ಕೆ ವೈದ್ಯರು ಇಟಲಿಯ ಅಂಗರಚನಾ ಶಾಸ್ತ್ರಜ್ಞ ವಾಲ್ಸಾಲ್ವಾನ ಹೆಸರಿಟ್ಟಿದ್ದಾರೆ. 1985ರಲ್ಲಿ ಕೆನಡಾದ ಸಂಶೋಧಕರು ಐವರು ದೇಹದಾರ್ಢ್ಯ ಪಟುಗಳ ತೋಳಿನ ಅಪಧಮನಿಯೊಳಗೇ ನಳಿಕೆ ಇಟ್ಟು, ಭಾರೀ ತೂಕದ ಲೆಗ್ ಪ್ರೆಸ್ ಮಾಡಿಸಿ ರಕ್ತದೊತ್ತಡ ಅಳೆದರು. ಸರಾಸರಿ ಬಂದದ್ದು 320/250. ಒಬ್ಬನದು 480/350ನ್ನೂ ದಾಟಿತ್ತು. ನಮ್ಮ ಬಿ.ಪಿ. 140/90 ಆದರೆ ಉಪ್ಪು ಕಡಿಮೆ ಮಾಡಿ ಎನ್ನುತ್ತಾರೆ. ಕೆಲವೇ ಕ್ಷಣಗಳ ಏರಿಕೆಯಾದ್ದರಿಂದ ಆರೋಗ್ಯವಂತ ರಕ್ತನಾಳಗಳು ಅದನ್ನು ತಾಳಿಕೊಳ್ಳುತ್ತವೆ. ಆದರೆ ತಾಳಿಕೊಳ್ಳುವುದಕ್ಕೂ ಬಲಿಯುವುದಕ್ಕೂ ವ್ಯತ್ಯಾಸವಿದೆ. ತೊಡೆಯ ಸ್ನಾಯು ದಣಿದು ನೊಂದು ಮುಂದಿನ ಬಾರಿಗೆ ಗಟ್ಟಿಯಾಗುತ್ತದೆ. ತಲೆ ನೊಂದಾಗ ಒಳಗೆ ಏನೂ ಗಟ್ಟಿಯಾಗುತ್ತಿರುವುದಿಲ್ಲ.

ಬಹುತೇಕರಿಗೆ ಇದು ನಿರಪಾಯಕಾರಿ ಎಂಬ ಆಕ್ಷೇಪ ಬರುತ್ತದೆ. ಸರಿಯಾದ ಆಕ್ಷೇಪವೇ. 2018ರ ಅಂತರರಾಷ್ಟ್ರೀಯ ತಲೆನೋವು ವರ್ಗೀಕರಣದಲ್ಲಿ ವ್ಯಾಯಾಮದ ತಲೆನೋವಿಗೆ ಅದರದೇ ಸ್ಥಾನವಿದೆ. ಜೋರು ಶ್ರಮದಲ್ಲೋ ಅದರ ನಂತರವೋ ಮಾತ್ರ ಬಂದು, 48 ಗಂಟೆಯೊಳಗೆ ತಾನಾಗಿ ಇಳಿಯುವ ನೋವು ಅದು. ಬಿಸಿಲಿನಲ್ಲಿ, ಎತ್ತರದ ಪ್ರದೇಶದಲ್ಲಿ ಹೆಚ್ಚು. ಆದರೆ 1968ರಲ್ಲಿ, ಸಿ.ಟಿ. ಸ್ಕ್ಯಾನ್ ಇನ್ನೂ ಇಲ್ಲದ ಕಾಲದಲ್ಲಿ, ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯ ರೂಕ್ ಇಂಥ 103 ಜನರನ್ನು ವರ್ಷಗಟ್ಟಲೆ ಗಮನಿಸಿದಾಗ 10 ಜನರ ತಲೆಯೊಳಗೆ ಬೇರೆಯೇ ತೊಂದರೆ ಇದ್ದದ್ದು ಗೊತ್ತಾಯಿತು. ಉಳಿದವರಲ್ಲಿ ಎಷ್ಟೋ ಜನರ ನೋವು ಕಾಲಕ್ರಮದಲ್ಲಿ ಮಾಯವಾಯಿತು. ಆ ಹತ್ತು ಮಂದಿಯ ಜಾಗದಲ್ಲಿ ನಿಂತು ನೋಡಬೇಕು. ಅವರಿಗೂ ಉಳಿದವರಿಗೂ ಆಗುತ್ತಿದ್ದದ್ದು ತಲೆನೋವೇ. ನಾನು ಎಷ್ಟು ತಾಳಬಲ್ಲೆ ಎಂಬುದರಿಂದ ನಾನು ಯಾವ ಗುಂಪಿಗೆ ಸೇರಿದವನೆಂದು ತಿಳಿಯುವ ದಾರಿಯೇ ಇಲ್ಲ. ಹಾಗಾಗಿ ಮೊದಲ ಸಲ ಬಂದಾಗಲೇ ವೈದ್ಯರಿಗೆ ತೋರಿಸುವುದು ಪುಕ್ಕಲುತನವಾಗುವುದಿಲ್ಲ. ಕ್ಷಣಾರ್ಧದಲ್ಲಿ ತುಟ್ಟತುದಿಗೇರುವ ನೋವು, ಜೊತೆಗೆ ವಾಂತಿ, ಕತ್ತು ಸೆಟೆಯುವುದು, ಕಣ್ಣಿಗೆ ಎರಡೆರಡು ಕಾಣುವುದು, ಪ್ರಜ್ಞೆ ತಪ್ಪುವುದು ಇದ್ದರಂತೂ ನಾಳೆಯವರೆಗೆ ಕಾಯುವಂತಿಲ್ಲ. ರಕ್ತನಾಳ ಒಡೆದಿರಬಹುದು. ನಡುವಯಸ್ಸಿನವರಿಗೆ ಮೆಟ್ಟಿಲು ಹತ್ತಿದಾಗ ಬಂದು, ನಿಂತರೆ ಹೋಗುವ ತಲೆನೋವಿದೆಯಲ್ಲ, ಅದರ ಮೂಲ ಅಪರೂಪಕ್ಕೆ ಹೃದಯದಲ್ಲಿರುತ್ತದೆ. ಎದೆ ನೋಯಲೇಬೇಕೆಂದಿಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ನಮ್ಮಲ್ಲಿದೆ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಹೃದಯ ತಪಾಸಣೆಗೆ ಜನ ಸಾಲುಗಟ್ಟಿದರು. ತಪಾಸಣೆ ಒಳ್ಳೆಯದೇ. ಆದರೆ ಅದೇ ಭಯದಲ್ಲಿ ನಡಿಗೆಯನ್ನೂ ಬಿಟ್ಟು ಕೂತವರನ್ನು ಕಂಡು ನನಗೆ ಸಂಕಟವಾಗಿದೆ. 2011ರಲ್ಲಿ ಸ್ವೀಡನ್ನಿನ ಸಂಶೋಧಕರು ಅರೆತಲೆನೋವಿನ 91 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ವಾರಕ್ಕೆ ಮೂರು ಬಾರಿ 40 ನಿಮಿಷದ ವ್ಯಾಯಾಮ, ಇನ್ನೊಂದಕ್ಕೆ ಮೈಮನ ಸಡಿಲಿಸುವ ಅಭ್ಯಾಸ, ಮತ್ತೊಂದಕ್ಕೆ ಟೋಪಿರಾಮೇಟ್ ಮಾತ್ರೆ ಕೊಟ್ಟರು. ವ್ಯಾಯಾಮ ಮಾತ್ರೆಗೆ ಸರಿಸಾಟಿಯಾಗಿ ನಿಂತಿತು. ತಲೆನೋವು ತರುವ ಶ್ರಮವೇ, ಹದವರಿತು ಮಾಡಿದರೆ, ತಲೆನೋವನ್ನು ಕಳೆಯಲೂಬಲ್ಲದು.

ಹದ ತರುವುದು ಕಷ್ಟದ ಕೆಲಸವಲ್ಲ. ಎತ್ತುವಾಗ ಉಸಿರು ಬಿಡಬೇಕು, ಇಳಿಸುವಾಗ ಎಳೆದುಕೊಳ್ಳಬೇಕು. ಉಸಿರು ಕಟ್ಟದೆ ಎತ್ತಲಾಗದ ತೂಕ ಸದ್ಯಕ್ಕೆ ನಮ್ಮದಲ್ಲ. ಹತ್ತು ಹದಿನೈದು ನಿಮಿಷ ಮೈ ಬಿಸಿಮಾಡಿಕೊಂಡೇ ಭಾರಕ್ಕೆ ಕೈ ಹಾಕಬೇಕು. ಏಪ್ರಿಲ್ಲಿನ ರಾಯಚೂರು, ಕಲಬುರಗಿಯವರು ಓಟವನ್ನು ಸೂರ್ಯೋದಯಕ್ಕೆ ಮುಂಚೆ ಮುಗಿಸುವುದೇ ಲೇಸು. ಖಾಲಿ ಹೊಟ್ಟೆ, ಒಣಗಿದ ಗಂಟಲು ಎರಡೂ ನೋವಿಗೆ ಆಹ್ವಾನ. ಈಜುವವರ ತಲೆನೋವು ಕೆಲವೊಮ್ಮೆ ಬಿಗಿಯಾದ ಕನ್ನಡಕದ ಪಟ್ಟಿಯಿಂದ ಬಂದಿರುತ್ತದೆ.

ಮಾತ್ರೆಯ ಬಗ್ಗೆ ನನ್ನ ನಿಲುವು ಸ್ವಲ್ಪ ಕಟು. ಇಂಡೋಮೆಥಾಸಿನ್ ಎಂಬ ಔಷಧವನ್ನು ವ್ಯಾಯಾಮಕ್ಕೆ ಮುನ್ನ ಕೊಡುವ ಪದ್ಧತಿಯಿದೆ, ಅದು ಹಲವರಿಗೆ ಕೆಲಸ ಮಾಡುತ್ತದೆ. ಪರೀಕ್ಷೆ ಮುಗಿಸಿ ವೈದ್ಯರೇ ಬರೆದುಕೊಟ್ಟರೆ ತಕರಾರಿಲ್ಲ. ಮೆಡಿಕಲ್ ಶಾಪಿನಲ್ಲಿ ತಾವೇ ಕೇಳಿ ತಂದು ನುಂಗಿ ಜಿಮ್‌ಗೆ ಹೋಗುವುದು ಬೇರೆ ಮಾತು. ಅದು ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲದು, ಬೆವರಿ ನೀರಿಳಿದ ಮೈಯಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು. ಎಲ್ಲಕ್ಕಿಂತ ಮುಖ್ಯವಾಗಿ, ಆ ಹತ್ತು ಜನರನ್ನು ಎಚ್ಚರಿಸಬಹುದಾಗಿದ್ದ ಒಂದೇ ಕರೆಗಂಟೆಯ ಬಾಯಿ ಮುಚ್ಚಿಸುತ್ತದೆ.

ಜಿಮ್‌ಗೆ ಸೇರುವಾಗ ತೂಕ, ಎತ್ತರ, ಸೊಂಟದ ಸುತ್ತಳತೆ ಬರೆದುಕೊಳ್ಳುತ್ತಾರೆ. ಅದೇ ಹಾಳೆಯಲ್ಲಿ ಇನ್ನೂ ಎರಡು ಸಾಲು ಬೇಕು. ಭಾರ ಎತ್ತುವಾಗ, ಓಡುವಾಗ ತಲೆನೋವು ಬಂದದ್ದುಂಟೆ? ಬಂದಿದ್ದರೆ ಎಷ್ಟು ಹೊತ್ತಿನಲ್ಲಿ ತುದಿಗೇರಿತು? ನನಗೆ ಅಂದು "ಇನ್ನೆರಡು ಸೆಟ್" ಎಂದವರು ಕೆಟ್ಟವರಾಗಿರಲಿಲ್ಲ. ಈ ಪ್ರಶ್ನೆ ಕೇಳಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ.