ಒಂದು ಹಗಲು, ಮೂರು ಗಿರಿ: ಯಾರ ಸಾಧನೆ?

ಶುಕ್ರವಾರ ರಾತ್ರಿ ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಿಂದ ಹೊರಟ ಚಾರಣಿಗರ ವಾಹನಗಳು ನಸುಕಿಗೆ ಚಿಕ್ಕಮಗಳೂರು ಮುಟ್ಟುತ್ತವೆ. ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ ಮೂರನ್ನೂ ಮಧ್ಯಾಹ್ನದ ಗುಡುಗಿಗೆ ಮುನ್ನ ಮುಗಿಸಬೇಕು. ಇವು ‘ಸುಲಭದ ಗಿರಿಗಳು’ ಎಂಬುದು ನಗರದ ಜಾಹೀರಾತು.

ಏಪ್ರಿಲ್, ಮೇ ತಿಂಗಳಲ್ಲಿ ಸಿಡಿಲಿಗೆ ಮುನ್ನ ಇಳಿಯುವುದು ವಿವೇಕವೇ. ಬೋಳು ನೆತ್ತಿಯ ಮೇಲೆ ಆಸರೆಯಿಲ್ಲ. ಆದರೆ ಆ ವಿವೇಕ ಒಂದು ಗಿರಿಯನ್ನು ಬೇಗ ಹತ್ತಿಳಿಯಲು ಹೇಳುತ್ತದೆಯೇ ಹೊರತು ಮೂರರ ಹಿಂದೆ ಓಡಲು ಹೇಳುವುದಿಲ್ಲ. ಓಡುವವರು ಸುತ್ತುದಾರಿ ಬಿಟ್ಟು ಹುಲ್ಲನ್ನು ಸೀಳಿ ಇಳಿಯುತ್ತಾರೆ. ತುಳಿತಕ್ಕೆ ಬಿಗಿದ ಮಣ್ಣು ನೀರು ಕುಡಿಯದು. ಮಳೆ ಆ ಸೀಳನ್ನು ಕೊರಕಲು ಮಾಡುತ್ತದೆ.

1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ರಾಜ್ಯದ ಅತ್ಯುನ್ನತ ಶಿಖರ. ಈ ಶ್ರೇಣಿಯ ಹುಲ್ಲುಗಾವಲು ಹಾಗೂ ಶೋಲಾ ಕಾಡುಗಳೇ ಮಳೆಯನ್ನು ಹಿಡಿದಿಟ್ಟು ವೇದಾ, ಆವತಿ ಹೊಳೆಗಳಿಗೆ ಬಿಡುತ್ತವೆ. ಅವೆರಡೂ ಕೂಡಿದ ವೇದಾವತಿಗೇ ಹಿರಿಯೂರಿನ ಬಳಿ ವಾಣಿವಿಲಾಸ ಸಾಗರ ಕಟ್ಟಲಾಗಿದೆ.

2025ರ ಸೆಪ್ಟೆಂಬರಿನಲ್ಲಿ ಗಿರಿಗೆ ಬರುವ ವಾಹನಗಳಿಗೆ ಮುಂಗಡ ನೋಂದಣಿ ಜಾರಿಯಾಯಿತು. ಕ್ರಮ ಸ್ವಾಗತಾರ್ಹ; ಆದರೆ ಅದು ಚಕ್ರಗಳನ್ನು ಎಣಿಸುತ್ತದೆ, ಹುಲ್ಲು ತುಳಿಯುವ ಪಾದಗಳನ್ನು ಎಣಿಸುವುದಿಲ್ಲ.

ಒಂದು ತಂಡಕ್ಕೆ ದಿನಕ್ಕೊಂದೇ ಗಿರಿ, ಪ್ರತಿ ಕಾಲುದಾರಿಗೂ ಜನಮಿತಿ, ಕೊರೆದ ದಾರಿಗಳಿಗೆ ಮಳೆಗಾಲದ ವಿರಾಮ: ಇವನ್ನು ಬೆಟ್ಟದ ಬುಡದ ಗ್ರಾಮಸಭೆಗಳು ನಿರ್ಣಯವಾಗಿಯೇ ಅಂಗೀಕರಿಸಿ ಜಿಲ್ಲಾಡಳಿತದ ಮುಂದಿಡಬೇಕು. ಬೆಂಗಳೂರಿನ ವಿದ್ಯಾರ್ಥಿಗಳು ಮೂರು ಗಿರಿಯ ಪ್ಯಾಕೇಜನ್ನು ನಿರಾಕರಿಸಬೇಕು. ವಾಹನಗಳು ಸಂಜೆ ಊರಿಗೆ ಮರಳುತ್ತವೆ. ಕೊರಕಲೂ ಬತ್ತಿದ ಒರತೆಯೂ ಇಲ್ಲಿಯವರ ಪಾಲಿಗೆ ಉಳಿಯುತ್ತವೆ.